ಭಾರದ ಕಾಲು

ಸುಮಾರು ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದ ಆ ಡ್ರೈವರ್ ಬಾಯಿ ಒರಟು, ಕಾಲು ಮಾತ್ರ ಹೂವಿನಂಥದ್ದು ಎಂದು ಡಿಪೋದಲ್ಲಿ ಎಲ್ಲರೂ ಹೇಳುತ್ತಿದ್ದರು. ಅದೇ ಲಟಾರಿ ಬಸ್ಸು, ಅದೇ ರಸ್ತೆ, ಅದೇ ಜನ. ಆದರೂ ಅವರ ಕೈಗೆ ಬಂದ ದಿನ ಡೀಸೆಲ್ ಕಡಿಮೆ ಕುಡಿಯುತ್ತಿತ್ತು. ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಆಕ್ಸಿಲರೇಟರ್ ಇರೋದು ಒದೆಯೋಕಲ್ಲ ಕಣ್ರೋ. ಮಲಗಿರೋ ಮಗೂನ ತಟ್ಟಿದ ಹಾಗೆ ಒತ್ತಬೇಕು" ಎನ್ನುತ್ತಿದ್ದರು.

ಅವರಿಗೆ ಮಕ್ಕಳಿರಲಿಲ್ಲ. ಹೆಂಡತಿಯ ತಮ್ಮ ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡು ಇವರ ಮನೆ ಸೇರಿದ್ದ. ಅವನನ್ನು ಓದಿಸಿದರು, ಡಿಪೋ ಹಿಂದಿನ ಬಯಲಲ್ಲಿ ಡ್ರೈವಿಂಗ್ ಕಲಿಸಿದರು. ಬೆಳೆದ ಮೇಲೆ ಆ ಭಾಮೈದ ಕಾರು ಶೋರೂಮಿನಲ್ಲಿ ಸೇಲ್ಸ್‌ಮನ್ ಆದ. ಕುತ್ತಿಗೆಗೆ ಟೈ ಬಂತು, ಮಾತಿಗೆ ಇಸ್ತ್ರಿ ಬಿತ್ತು.

ಡ್ರೈವರ್ ನಿವೃತ್ತರಾದ ವರ್ಷವೇ ಹೆಂಡತಿಯ ಮಂಡಿ ಆಪರೇಷನ್ ಆಯಿತು. ಆಸ್ಪತ್ರೆಗೆ ಓಡಾಡಲು ಒಂದು ಕಾರು ಬೇಕಾಯಿತು.

"ಡೀಸೆಲ್ ಗಾಡಿ ತಗೊಳ್ಳಿ ಭಾವ. ಲೀಟರ್‌ಗೆ ಇಪ್ಪತ್ಮೂರು ಕೊಡತ್ತೆ. ನಿಮ್ಮ ಕಾಲಿಗೆ ಇನ್ನೂ ಜಾಸ್ತಿನೇ ಬರತ್ತೆ," ಎಂದ ಭಾಮೈದ.

"ನಾವು ಹೋಗೋದಾದ್ರೂ ಎಲ್ಲಿಗೋ? ಆಸ್ಪತ್ರೆ, ಮಾರ್ಕೆಟ್ಟು, ಮನೆ. ಅಷ್ಟಕ್ಕೆ ಪೆಟ್ರೋಲ್ ಗಾಡಿ ಸಾಲ್ದಾ?"

"ಡೀಸೆಲ್ ನಿಮ್ಮ ರಕ್ತದಲ್ಲೇ ಇದೆ, ಬಿಡಿ ಭಾವ!"

ಡ್ರೈವರ್ ನಕ್ಕು ಒಪ್ಪಿಕೊಂಡರು. ಆ ಇಪ್ಪತ್ಮೂರು ಬಂದದ್ದು ಕಂಪನಿಯವರು ಪರೀಕ್ಷೆಗೆಂದು ಮುಚ್ಚಿದ ಕೋಣೆಯೊಳಗೆ ಉರುಳೆಗಳ ಮೇಲೆ ಗಾಡಿ ನಿಲ್ಲಿಸಿ ಓಡಿಸಿದಾಗ, ಅಲ್ಲಿ ಗಾಳಿಯಿಲ್ಲ, ಸಿಗ್ನಲ್ಲಿಲ್ಲ, ಏಸಿಯಿಲ್ಲ ಎಂಬುದು ಭಾಮೈದನಿಗೆ ಗೊತ್ತಿತ್ತು. ಶೋರೂಮಿನ ಹಿಂದೆ ಡೀಸೆಲ್ ಕಾರುಗಳು ಮಾರಾಟವಾಗದೆ ಧೂಳು ತಿನ್ನುತ್ತಿದ್ದದ್ದೂ ಗೊತ್ತಿತ್ತು.

ಕಾರು ಹದಿನಾಲ್ಕು ಕೊಟ್ಟಿತು. ಕೆಲವೊಮ್ಮೆ ಅದೂ ಇಲ್ಲ.

ಡ್ರೈವರ್ ಮೊದಲು ಕಾರನ್ನು ಅನುಮಾನಿಸಲಿಲ್ಲ, ತಮ್ಮನ್ನೇ ಅನುಮಾನಿಸಿಕೊಂಡರು. ವಯಸ್ಸಾಯಿತೇ, ಕಾಲು ಮರಗಟ್ಟಿತೇ ಎಂದು ಚಪ್ಪಲಿ ಬಿಚ್ಚಿ ಬರಿಗಾಲಲ್ಲಿ ಓಡಿಸಿ ನೋಡಿದರು. ಟ್ಯಾಂಕ್ ಕಂಠಮಟ್ಟ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿದರು. ಸುಡು ಬಿಸಿಲಲ್ಲೂ ಏಸಿ ಹಾಕಲಿಲ್ಲ.

"ಬೆಂದು ಹೋಗ್ತಿದೀನ್ರೀ, ಸ್ವಲ್ಪ ಹಾಕಿ," ಎಂದು ಹೆಂಡತಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

"ಇವತ್ತೊಂದಿನ ತಡ್ಕೋ, ನೋಡ್ತೀನಿ."

ಆ ಒಂದಿನ ಇಡೀ ಬೇಸಿಗೆ ನಡೆಯಿತು. ಕೊನೆಗೆ ಸ್ಟೀರಿಂಗ್ ಹಿಂದೆ ಹಳದಿ ದೀಪವೊಂದು ಹತ್ತಿಕೊಂಡು ಆರದೇ ಹೋದಾಗ ಸರ್ವಿಸ್‌ಗೆ ಒಯ್ದರು. ಮೆಕ್ಯಾನಿಕ್ ನೋಡಿ ತಲೆಯಾಡಿಸಿದ.

"ಇಂಜಿನ್ ಬಿಸಿ ಆಗೋಕೆ ಮುಂಚೆನೇ ನಿಮ್ಮನೆ ಬಂದ್ಬಿಡತ್ತೆ ಸಾರ್. ಹೊಗೆ ಸೋಸೋ ಫಿಲ್ಟರ್ ಕಟ್ಕೊಂಡಿದೆ. ಅದರ ಮಸಿ ಸುಡೋಕೂ ಗಾಡಿ ಡೀಸೆಲ್ಲೇ ಕುಡಿಯತ್ತೆ. ದೂರ ಹೋಗೋರಿಗೆ ಸರಿ, ನಿಮ್ಮ ಓಡಾಟಕ್ಕೆ ಈ ಗಾಡಿನೇ ಅಲ್ಲ. ತಗೊಳ್ಳೋವಾಗ ಯಾರೂ ಹೇಳ್ಲಿಲ್ವಾ?"

ಡ್ರೈವರ್ ಪಕ್ಕದಲ್ಲೇ ಇದ್ದ ಶೋರೂಮಿಗೆ ನಡೆದರು. ಭಾಮೈದ ಅಂಥದ್ದೇ ಕಾರಿನ ಬಾಗಿಲು ತೆರೆದು ಗಂಡ ಹೆಂಡತಿ ಇಬ್ಬರಿಗೆ ತೋರಿಸುತ್ತಿದ್ದ. ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದರು.

"ಲೋ, ಇಪ್ಪತ್ಮೂರು ಬರಲ್ಲ ಅಂತ ನಿಂಗೆ ಮೊದಲೇ ಗೊತ್ತಿತ್ತೇನೋ?" ಡ್ರೈವರ್ ಮೆಲ್ಲಗೇ ಕೇಳಿದರು. ಆದರೂ ಎಲ್ಲರಿಗೂ ಕೇಳಿಸಿತು.

ಗಿರಾಕಿಗಳು ತಿರುಗಿ ನೋಡಿದರು. ಮ್ಯಾನೇಜರ್ ಭಾಮೈದನನ್ನೇ ನೋಡಿದರು. ಅವನು ಮುಖದ ಮೇಲೆ ಶೋರೂಮಿನ ನಗು ತಂದುಕೊಂಡ.

"ಗಾಡಿಯಲ್ಲಿ ಏನೂ ತೊಂದರೆ ಇಲ್ಲ ಸರ್. ಮೈಲೇಜ್ ಓಡಿಸೋರ ಕಾಲಿನ ಮೇಲೆ ಹೋಗತ್ತೆ. ಕೆಲವರದು ಸ್ವಲ್ಪ ಭಾರದ ಕಾಲು."

ಗಿರಾಕಿ ಗಂಡಸು ನಕ್ಕುಬಿಟ್ಟ. ಡ್ರೈವರ್ ಒಂದು ಗಳಿಗೆ ತಲೆ ಬಗ್ಗಿಸಿ ತಮ್ಮ ಪಾದಗಳನ್ನು ನೋಡಿಕೊಂಡರು. ಆಮೇಲೆ ಬಂದ ದಾರಿಯಲ್ಲೇ ಹೊರಟುಹೋದರು. ಆ ಜೋಡಿ ಅವತ್ತೇ ಕಾರು ಬುಕ್ ಮಾಡಿತು. "ಚೆನ್ನಾಗಿ ನಿಭಾಯಿಸಿದೆ ಕಣಯ್ಯಾ," ಎಂದರು ಮ್ಯಾನೇಜರ್.

ಭಾನುವಾರ ಭಾಮೈದ ಹಣ್ಣು ಹಿಡಿದುಕೊಂಡು ಮನೆಗೆ ಬಂದ. ಅಕ್ಕ ಬಾಗಿಲಲ್ಲೇ ತಡೆದರು. "ಏನಂದ್ಯೋ ಅವರಿಗೆ? ಅವತ್ತಿನಿಂದ ಬಾಯೇ ಬಿಟ್ಟಿಲ್ಲ."

"ಮ್ಯಾನೇಜರ್ ಎದುರಿಗೇ ಇದ್ರು ಅಕ್ಕ. ಹೊಟ್ಟೆಪಾಡು, ಏನ್ಮಾಡ್ಲಿ?"

ಒಳಗೆ ಡ್ರೈವರ್ ಕುರ್ಚಿ ಬಿಟ್ಟು ಎದ್ದು ನಿಂತರು. "ಬನ್ನಿ, ಕೂತ್ಕೊಳ್ಳಿ."

ತನ್ನ ಹಿಂದೆ ಬೇರೆ ಯಾರಾದರೂ ಬಂದರೇನೋ ಎಂದು ಭಾಮೈದ ತಿರುಗಿ ನೋಡಿದ. ಯಾರೂ ಇರಲಿಲ್ಲ. "ಭಾವ, ಬೈದುಬಿಡಿ. ಬೇಕಾದ್ರೆ ಎರಡೇಟು ಹಾಕಿ. ಹೀಗೆ ಮಾತ್ರ ಮಾತಾಡಬೇಡಿ."

"ಕಾಫಿ ತಗೋತೀರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವರು ಒಳಕೋಣೆಗೆ ಹೋದರು.

ಮರುತಿಂಗಳು ಕಾರನ್ನು ಸಿಕ್ಕಿದ ಬೆಲೆಗೆ ಮಾರಿದರು. ಡ್ರೈವರ್ ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಹೆಂಡತಿ ಆ ಮಂಡಿಯಲ್ಲೇ ಬಸ್ಸಿನ ಮೆಟ್ಟಿಲು ಹತ್ತಿ ಆಸ್ಪತ್ರೆಗೆ ಹೋಗುತ್ತಾರೆ. ತಮ್ಮನಿಗೆ ಫೋನ್ ಮಾಡುವುದು ಗಂಡ ಸ್ನಾನಕ್ಕೆ ಹೋದಾಗ ಮಾತ್ರ.

"ಭಾವ ನನ್ನ ಬಗ್ಗೆ ಏನಾದ್ರೂ ಅಂದ್ರಾ ಅಕ್ಕ?" ಪ್ರತಿ ಸಲವೂ ಅವನದು ಅದೇ ಪ್ರಶ್ನೆ.

"ಇಲ್ಲ ಕಣೋ," ಎನ್ನುತ್ತಾರೆ ಅಕ್ಕ. "ನೀರಿನ ಸದ್ದು ನಿಂತೋಯ್ತು. ಇಡ್ತೀನಿ."