ಕಂಠಕ್ಕೆ ಕೊಟ್ಟ ಹೊಗೆ

ಗಜೇಂದ್ರಗಡದ ಸುತ್ತಿನಲ್ಲಿ ಭಜನೆಗೆ ಮೊದಲು ಬರುವುದು ದೇವರಲ್ಲ, ಹಿತ್ತಾಳೆಯ ತಟ್ಟೆ. ಅದರಲ್ಲಿ ಎಲೆ, ಅಡಿಕೆ ಮತ್ತು ಹಾಡುಗಾರನಿಗೆಂದೇ ಮೀಸಲಾದ ಬೀಡಿ. ಹೊಗೆ ತಗುಲಿದರೆ ಕಂಠ ಹದಗೊಳ್ಳುತ್ತದೆಂಬುದು ನಮ್ಮವರ ಸಿದ್ಧಾಂತ. ಮಿತ್ರರೇ, ಒಲೆಯ ಮೇಲಿನ ಅಟ್ಟ ಹೊಗೆಯಿಂದ ಹದಗೊಂಡುದನ್ನು ನಾನು ಕಂಡಿದ್ದೇನೆ; ಅದು ಹಾಡಿದ್ದನ್ನು ಮಾತ್ರ ಕೇಳಿಲ್ಲ.

ನೆರೆಮನೆಯ ನೇಕಾರ, ಭಜನೆಯ ಹಾಡುಗಾರ ಬಸಣ್ಣ ಈ ಸಿದ್ಧಾಂತದ ಪ್ರಸಾದವನ್ನು ಹರೆಯದಿಂದಲೂ ಸೇವಿಸಿದವರು. ಯುಗಾದಿಯ ಹೊತ್ತಿಗೆ ಅವರ ದನಿ ಒಡೆಯಿತು, ಮತ್ತೆ ಕೂಡಲಿಲ್ಲ. ನಾನೇ ಹಟ ಹಿಡಿದು ಹುಬ್ಬಳ್ಳಿಯ ದವಾಖಾನೆಗೆ ಕರೆದೊಯ್ದೆ. ವೈದ್ಯರು ಗಂಟಲೊಳಗೆ ಪುಟ್ಟ ಕನ್ನಡಿ ಇಳಿಸಿ ನೋಡಿ, ಬಸಣ್ಣನವರ ಅಂಗೈಯ ಜಡ್ಡನ್ನೇ ಮುಟ್ಟಿ ವಿವರಿಸಿದರು: ಉಸಿರ ದಾರಿಯ ಒಳಪೊರೆ ಮೃದು, ತೇವ, ಅದರ ಮೇಲಿನ ಕಣ್ಣಿಗೆ ಕಾಣದ ರೋಮಗಳು ಕಸವನ್ನು ಹಗಲಿರುಳು ಮೇಲಕ್ಕೆ ಗುಡಿಸುತ್ತವೆ. ಹೊಗೆಯ ಡಾಂಬರು ದಿನವೂ ಸವರಿದರೆ ರೋಮಗಳು ಉದುರಿ, ಪೊರೆ ಅಂಗೈಯಂತೆ ದಪ್ಪಗಾಗುತ್ತದೆ. ದಪ್ಪಗಾದುದು ಒಂದು ದಿನ ಅಂಕೆ ಮೀರಿ ಬೆಳೆದರೆ ಅದಕ್ಕೆ ಅರ್ಬುದ, ಅಂದರೆ ಕ್ಯಾನ್ಸರ್, ಎಂದು ಹೆಸರು.

"ಆ ಗೆರಿ ದಾಟಿದಂಗ ಕಾಣವಲ್ದು. ಈಗ ಬಿಟ್ರ ಸುಧಾರಸಬಹುದು. ಬಿಡದಿದ್ರ ನನ್ನ ಕಡೆ ಬರಬ್ಯಾಡ್ರಿ," ಎಂದರು.

ಎಂಥ ವಿಧೇಯ ದೇಹ! ಸುಟ್ಟವರ ಮೇಲೆ ಮುನಿಯದೆ, ಇನ್ನಷ್ಟು ಸುಡಿಸಿಕೊಳ್ಳಲೆಂದು ಚರ್ಮವನ್ನು ದಪ್ಪ ಮಾಡಿಕೊಳ್ಳುತ್ತದೆ. ನಮ್ಮ ಸಂಪ್ರದಾಯಗಳ ತೊಗಲೂ ಹೀಗೆಯೇ ಬಲಿತಿತೇನೋ. ಯಾವ ಪ್ರಶ್ನೆಯೂ ಅದರ ಮೇಲೆ ಗೀರು ಮೂಡಿಸದು.

ಮುಂದಿನ ಅಮಾವಾಸ್ಯೆಯ ಸಂಜೆ ರಾಜೂರಿನ ಗೌಡರ ಕಟ್ಟೆಯಲ್ಲಿ ಭಜನೆ. ಬಸಣ್ಣ ಎಲೆ ತೆಗೆದುಕೊಂಡು, ಬೀಡಿಗೆ ಕೈಮುಗಿದರು.

"ಯಾಕ್ರಿ ಬಸಣ್ಣಾರ, ನಮ್ಮ ಮನಿ ಬೀಡಿ ಮೈಲಿಗಿ ಆತೇನು?" ಎಂದರು ಗೌಡರು.

"ಡಾಕ್ಟರ್ ಬ್ಯಾಡಂದಾರ್ರಿ ಗೌಡ್ರ."

"ಡಾಕ್ಟರ್ ಬಂದು ಹಾಡ್ತಾನೇನು? ಒಂದ ದಮ್ ಎಳೀರಿ, ಕೋಗಿಲಿ ಆಗ್ತೀರಿ!"

"ಕೋಗಿಲಿ ಯಾವಾಗ ಬೀಡಿ ಸೇದಿತ್ರಿ?" ಎಂದು ಹೆಂಗಸರ ಸಾಲಿನಿಂದ ಬಸಣ್ಣನವರ ಹೆಂಡತಿ ಗಂಗವ್ವ ಕೇಳಿದರು. ನಗೆ ಎದ್ದಿತು, ಗೌಡರ ಮೋರೆ ಮಾತ್ರ ಬಿಗಿಯಿತು.

ಬಸಣ್ಣ ಏಕತಾರಿ ಮೀಟಿ ಹಾಡಿದರು. ಎರಡನೆಯ ಸಾಲಿಗೇ ದನಿ ಕೈಕೊಟ್ಟಿತು.

"ಸೇದಿದ್ರ ಹಿಂಗಾಗ್ತಿದ್ದಿಲ್ಲ," ಎಂದು ಗೌಡರು ತೀರ್ಪಿತ್ತರು, ಕಟ್ಟೆಯೆಲ್ಲ ತಲೆದೂಗಿತು. ಕಾಲೇಜಿನ ಚರ್ಚಾಕೂಟದಲ್ಲಿ ನಾನು ಸೋಲಿಸಿದ ವಾದಗಳಿಗೆ ಕುಂಟುಗಾಲಾದರೂ ಇರುತ್ತಿತ್ತು; ಇದಕ್ಕೆ ಕಾಲೇ ಇಲ್ಲ, ಆದರೂ ಊರೂರು ತಿರುಗುತ್ತದೆ.

ತಾಳದವನೂ ಸೇರಿ ಒಬ್ಬೊಬ್ಬರೇ ಎದ್ದು ಹೋದರು. ಬಸಣ್ಣ ಹಾಡು ನಿಲ್ಲಿಸಲಿಲ್ಲ, ದನಿ ಏರದೆಡೆ ಪದವನ್ನು ಬರಿಯ ಮಾತಿನಂತೆ ನುಡಿದು ದಾಟಿದರು. ಗಂಗವ್ವ ಗಂಡಸರ ಸಾಲಿಗೇ ಬಂದು ಕುಳಿತು, ಬಿದ್ದಿದ್ದ ತಾಳವನ್ನೆತ್ತಿಕೊಂಡು, ಗಂಡನ ಉಸಿರು ಸಾಲುವಷ್ಟೇ ನಿಧಾನವಾಗಿ ಬಾರಿಸತೊಡಗಿದರು.