ಎರಡು ಮೊಳ ಹಗ್ಗ

ನನ್ನ ಅಣ್ಣ ಅಂಕಯ್ಯ ತೀರಿಕೊಂಡು ವರ್ಷವಾಗುತ್ತಾ ಬಂತು. ಮದ್ದೂರು ಸಂತೆಗೆ ಹೋದರೆ ಈಗಲೂ ಜನ ನನ್ನನ್ನು ನಿಲ್ಲಿಸಿ ಅವನನ್ನು ಹೊಗಳುತ್ತಾರೆ. ಅಂಥ ಹಗ್ಗ ಇನ್ನು ಹುಟ್ಟಲ್ಲವಂತೆ, ಅಂಥ ಅಳತೆ ಇನ್ನು ಸಿಗಲ್ಲವಂತೆ. ಹೊಗಳಲಿ, ಅವರ ಗಂಟೇನು ಹೋಗುತ್ತದೆ? ಬಲಗೈ ಏನಾಯಿತು ಸಣ್ಣಯ್ಯ ಎಂದು ಕೇಳಿದವರಿಗೆಲ್ಲ ನಾಲೆಯಲ್ಲಿ ಬಿದ್ದೆ ಎಂದು ಹೇಳಿ ಹೇಳಿ ನನಗೂ ಸಾಕಾಗಿದೆ. ಇವತ್ತು ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಡುತ್ತೇನೆ.

ನಮ್ಮದು ಕತ್ತಾಳೆ ಹಗ್ಗ ಹೊಸೆಯುವ ಮನೆ. ಎಲೆ ಕುಯ್ದು ಕೆಸರಲ್ಲಿ ಕೊಳೆಹಾಕಿ, ಬಡಿದು, ತೊಳೆದು ನಾರು ತೆಗೆಯಬೇಕು. ಮೈಯೆಲ್ಲ ನಾತ, ಅಂಗೈಯೆಲ್ಲ ತುರಿಕೆ. ಅಣ್ಣನನ್ನು ಕಟ್ಟಿಕೊಂಡ ಹೆಂಗಸು ಒಂದೇ ವರ್ಷಕ್ಕೆ ತವರಿಗೆ ಹೋದವಳು ಈ ಕಡೆ ತಲೆ ಹಾಕಲಿಲ್ಲ. ನಾತಕ್ಕೆ ಹೆದರಿ ಹೋದಳು ಎಂದು ಊರು ಆಡಿಕೊಂಡಿತು. ನಾತವಲ್ಲ, ಅವನಿಗೇ ಹೆದರಿ ಹೋದದ್ದು. ಆ ಮನುಷ್ಯ ಹಿಟ್ಟು ಬೇಕಾದರೂ ಬಿಡುತ್ತಿದ್ದ, ಅಳತೆ ಬಿಡುತ್ತಿರಲಿಲ್ಲ. ಕಿರುಗಾವಲಿನ ಒಬ್ಬ ರೈತನ, ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಗೆ ಹೊಸೆದ ಹಗ್ಗ ನನ್ನ ಕೈತಪ್ಪಿನಿಂದ ಒಂದು ಗೇಣು ಹೆಚ್ಚಾಗಿತ್ತು. ಹೆಚ್ಚಾದರೆ ಯಾರು ತಾನೇ ಬೇಡ ಎನ್ನುತ್ತಾರೆ? ಅಣ್ಣ ಆ ಗೇಣನ್ನು ಕುಯ್ದು, ಅದರಲ್ಲೇ ನನ್ನ ಬೆನ್ನಿಗೆ ಬಾರಿಸಿದ. ಆಗ ನನಗೆ ಮದುವೆಯಾಗಿತ್ತು. ಚಲುವಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಮೂವತ್ತೆಂಟನೇ ಇಸವಿ, ಸಂಕ್ರಾಂತಿ ಕಳೆದಿತ್ತು. ನಾಲೆಯ ಪಕ್ಕದ ಬಂಗಲೆಗೆ ಬೆಂಗಳೂರಿನ ಕಡೆಯಿಂದ ಒಬ್ಬ ಬಿಳಿ ದೊರೆ ಬಂದ. ಅವನ ಹೆಸರು ನಮ್ಮ ನಾಲಗೆಗೆ ಹತ್ತಲಿಲ್ಲ. ಅವನದೊಂದು ಹುಚ್ಚು: ನಾಲೆಯ ನೀರಿನಲ್ಲಿ ಹಲಗೆಯ ಮೇಲೆ ನಿಂತು ಹಗ್ಗ ಹಿಡಿದುಕೊಳ್ಳುವುದು, ಏರಿಯ ಮೇಲೆ ಕಾರು ಆ ಹಗ್ಗವನ್ನು ಎಳೆದುಕೊಂಡು ಓಡುವುದು. ಹೊಟ್ಟೆ ತುಂಬಿದವರ ಆಟ. ತಂದಿದ್ದ ಹಗ್ಗ ಕಿತ್ತುಹೋಯಿತಂತೆ. ಕಾರು ಹೊಡೆಯುವ ಸೋಮನಹಳ್ಳಿ ಮುದ್ದಯ್ಯ ನಮ್ಮ ಮನೆಗೆ ಬಂದ. ಮೂವತ್ತು ಮಾರು ಹಗ್ಗ, ತುದಿಗೆ ಕೈ ತೂರುವಂಥ ಕುಣಿಕೆ, ಮುಂದಿನ ಶನಿವಾರ ಸಂಜೆಗೆ ಬೇಕು ಎಂದ. ಅಣ್ಣನ ಮುಖ ನೋಡಬೇಕಿತ್ತು! ಮಗ ಹುಟ್ಟಿದ್ದರೂ ಅಷ್ಟು ಹಿಗ್ಗುತ್ತಿರಲಿಲ್ಲ.

ಹಗಲು ರಾತ್ರಿ ಹೊಸೆದು ಶುಕ್ರವಾರಕ್ಕೆ ಮುಗಿಸಿದೆವು. ಆದರೆ ಹೊಸ ಹಗ್ಗವನ್ನು ಹಾಗೇ ಕೊಡುವಂತಿಲ್ಲ, ಪಳಗಿಸಬೇಕು. ನೀರಲ್ಲಿ ನೆನೆಹಾಕಿ, ಎತ್ತಿಗೆ ಕಟ್ಟಿ ಮರದ ದಿಮ್ಮಿ ಎಳೆಸಿ, ನೆರಳಲ್ಲಿ ಒಣಗಿಸಬೇಕು. ಹೀಗೆ ಮೂರು ಸಲ. ಇಲ್ಲದಿದ್ದರೆ ನೀರು ಕುಡಿದ ಕೂಡಲೇ ಅದು ತಿರುಚಿಕೊಂಡು ತನ್ನ ಮೇಲೆ ತಾನೇ ಗಂಟು ಬೀಳುತ್ತದೆ. ಅದಕ್ಕೆ ಆರು ದಿನ ಬೇಕು, ನಮಗಿದ್ದದ್ದು ಒಂದು ದಿನ. ದೊರೆಯೇ ದಾರಿ ಹೇಳಿಕಳಿಸಿದ್ದ: ಶನಿವಾರ ಬೆಳಿಗ್ಗೆ ಕಾರು ಕೊಡುತ್ತೇನೆ, ಹಗ್ಗಕ್ಕೆ ದಿಮ್ಮಿ ಕಟ್ಟಿ ನಾಲೆಯಲ್ಲಿ ನಾಲ್ಕು ಸಲ ಎಳೆಯಿರಿ ಎಂದು. ದಿಮ್ಮಿ ಎಂದೇ ಹೇಳಿದ್ದ ಆ ಪುಣ್ಯಾತ್ಮ.

"ದಿಮ್ಮಿ ದಡಕ್ಕೆ ಬಡಿದ್ರೆ ಅಗ್ಗ ಕಲ್ಲಿಗೆ ಉಜ್ಜೋಯ್ತದೆ. ಮನ್ಸ ಆದ್ರೆ ನಡುನೀರಲ್ಲೇ ಇರ್ತಾನೆ. ನೀನು ಅಲ್ಗೆ ಅತ್ತಲಾ ಸಣ್ಣ," ಎಂದ ಅಣ್ಣ, ಶನಿವಾರ ಬೆಳಿಗ್ಗೆ ಏರಿಯ ಮೇಲೆ ನಿಂತು.

ಹತ್ತಿದೆ. ಇಪ್ಪತ್ತೈದು ವರ್ಷದ ಗಂಡಸು, ಹಗ್ಗ ಹಿಡಿದೆಳೆದ ಕರುವಿನ ಹಾಗೆ, ಮುದ್ದಯ್ಯ ತಂದಿದ್ದ ದೊರೆಯ ಹಲಗೆ ಹತ್ತಿದೆ. ಕುಣಿಕೆಯಲ್ಲಿ ಬಲಗೈ ತೂರಿಸಿ, ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡೆ. ಹಗ್ಗಕ್ಕೆ ಹುರಿ ಹಾಕುವಾಗ ನಾವು ತುದಿ ಹಿಡಿಯುವುದೇ ಹಾಗೆ. ತುದಿ ಜಾರಿದರೆ ಅಷ್ಟೂ ಹುರಿ ಬಿಚ್ಚಿಹೋಗುತ್ತದೆ.

ಮುದ್ದಯ್ಯ ಕಾರಿನಿಂದ ಕೂಗಿದ: "ಬಿದ್ರೆ ಕೈ ಬುಟ್ಬುಡಬೇಕಂತೆ ಕಣ್ಲಾ! ಸುತ್ಕೋಬ್ಯಾಡ!"

"ನಾವು ಅಗ್ಗದೋರು ಕಣಪ್ಪ, ತುದಿ ಬುಡಾಕಿಲ್ಲ," ಎಂದು ಅಣ್ಣ ನಕ್ಕ. ನಾನೂ ನಕ್ಕೆ. ನನ್ನ ಬುದ್ಧಿಗಿಷ್ಟು!

ನೂರು ಗಜವೂ ಹೋಗಲಿಲ್ಲ. ಹಲಗೆ ವಾಲಿತು, ನಾನು ಮುಳುಗಿದೆ. ಬಿಡೋಣವೆಂದರೆ ಹಗ್ಗ ನನ್ನನ್ನು ಬಿಡಲಿಲ್ಲ. ಮುದ್ದಯ್ಯನಿಗೆ ಗೊತ್ತಾಗಿ ಕಾರು ನಿಲ್ಲಿಸುವಷ್ಟರಲ್ಲಿ ಅರ್ಧ ನಾಲೆ ನನ್ನ ಹೊಟ್ಟೆಯಲ್ಲಿತ್ತು. ದಡಕ್ಕೆಳೆದು ನೋಡಿದರೆ ಹಸಿ ಹಗ್ಗ ತಿರುಚಿಕೊಂಡು, ಸುತ್ತಿನ ಮೇಲೆ ಸುತ್ತು ಏರಿ, ಮಣಿಕಟ್ಟಿನ ಮಾಂಸದೊಳಗೆ ಹೂತುಕೊಂಡಿತ್ತು. ಬೆರಳಿನ ಉಗುರೂ ಒಳಗೆ ಹೋಗುತ್ತಿರಲಿಲ್ಲ.

ಏರಿಯ ಆ ಕಡೆ ಹುಲ್ಲು ಕುಯ್ಯುತ್ತಿದ್ದ ಚಲುವಮ್ಮ ಕುಡುಗೋಲು ಹಿಡಿದೇ ಓಡಿ ಬಂದಳು. ಅಣ್ಣ ಅವಳ ಕೈ ಹಿಡಿದುಕೊಂಡ.

"ಕುಯ್ಬ್ಯಾಡ ಕಣಮ್ಮಿ! ಕುಣಿಕೆ ಓಯ್ತದೆ. ಎಲ್ಡು ಮೊಳ ಕಮ್ಮಿಯಾಯ್ತದೆ."

"ಕೈ ಓಯ್ತದಲ್ಲ ಬಾವ!"

"ಕೈ ಎಲ್ಲಿಗೂ ಓಗಾಕಿಲ್ಲ. ನೆಂದ್ರೆ ಬಿಗೀತದೆ, ಒಣಗಿದ್ರೆ ಸಡ್ಲ ಆಯ್ತದೆ. ಬಿಸ್ಲಲ್ಲಿ ಕುಂತ್ಕಳ್ಳಿ ಬುಡು, ತಾನೇ ಬಿಚ್ಕತದೆ."

ಅವಳು ನನ್ನ ಮುಖ ನೋಡಿದಳು. ಇಲ್ಲಿ ನಾನು ಸುಳ್ಳು ಹೇಳುವುದಿಲ್ಲ. "ಅಣ್ಣ ಏಳೋದು ದಿಟ, ಬುಡು," ಎಂದು ನಾನೂ ಅಂದೆ. ಆ ಹಗ್ಗದಲ್ಲಿ ಅರ್ಧ ನನ್ನ ಕೈಯಲ್ಲೇ ಹೊಸೆದದ್ದು. ಒಣಗಿದರೆ ಕತ್ತಾಳೆ ಸಡಿಲವಾಗುತ್ತದೆ ಎಂಬುದು ನಮ್ಮ ಮನೆಯ ನಾಯಿಗೂ ಗೊತ್ತು.

ಮುದ್ದಯ್ಯ ಬೆವರೊರೆಸಿಕೊಂಡ. "ದೊರೆಗೆ ಏಳ್ಬ್ಯಾಡಿ ಕಣಪ್ಪ, ನನ್ ಕೆಲ್ಸ ಓಯ್ತದೆ," ಎಂದು ಹಗ್ಗ ಬಿಚ್ಚಿಕೊಟ್ಟು ಕಾರನ್ನು ಬಂಗಲೆಗೆ ತಿರುಗಿಸಿದ. ಅಣ್ಣ ನನ್ನನ್ನು ಏರಿಯ ಮೇಲೆ ಕೂರಿಸಿ, ಕೈಯನ್ನು ಬಿಸಿಲಿಗೆ ಚಾಚಿಸಿ, ಉಳಿದ ಹಗ್ಗವನ್ನು ನನ್ನ ಪಕ್ಕದಲ್ಲೇ ಅಚ್ಚುಕಟ್ಟಾಗಿ ಸುರುಳಿ ಸುತ್ತಿಟ್ಟ.

ಹಗ್ಗ ಒಣಗಿತು. ಅಣ್ಣ ಹೇಳಿದ್ದು ಸುಳ್ಳಲ್ಲ. ಆದರೆ ಅದು ಒಣಗುವಷ್ಟರಲ್ಲಿ ನನ್ನ ಕೈ ಊದಿ ಎರಡರಷ್ಟಾಗಿತ್ತು. ಸಡಿಲವಾದಷ್ಟನ್ನೂ ಊತ ನುಂಗಿಕೊಂಡಿತು. ಬೆರಳು ಮೊದಲು ಕೆಂಪಾಯಿತು, ಆಮೇಲೆ ನೀಲಿಯಾಯಿತು. ಮಧ್ಯಾಹ್ನದ ಹೊತ್ತಿಗೆ ನಾನು ಅಳುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಕೂಸಿನ ಹಾಗೆ ಅಳುತ್ತಿದ್ದೆ.

"ಅಣೋ, ಕುಯ್ದುಬುಡಣೋ, ನಿನ್ ಕಾಲಿಗೆ ಬೀಳ್ತೀನಿ."

"ಇನ್ನೊಂದ್ ಗಳಿಗೆ ತಡ್ಕಳ್ಳಾ. ಗಂಡ್ಸಲ್ವ ನೀನು?"

ಚಲುವಮ್ಮ ಎದ್ದಳು. "ಬಂಗ್ಲೆ ಅರ್ಧ ಮೈಲಿ ಇಲ್ಲ. ನಾನೇ ಓಗಿ ದೊರೆನ ಕೇಳ್ತೀನಿ."

"ಎಣ್ಣೆಂಗ್ಸು ಬಿಳೀ ದೊರೆ ಮುಂದೆ ಓಗಿ ನಿಂತ್ಕತೀಯಾ? ಮಾನ ಮರ್ವಾದೆ ಐತಾ ನಿಂಗೆ?" ಎಂದು ಅಣ್ಣ ಅವಳ ಜುಟ್ಟು ಹಿಡಿದು ಕೂರಿಸಿದ. ಕುಡುಗೋಲನ್ನು ಕಿತ್ತು ನಾಲೆಗೆ ಎಸೆದ. ಆಮೇಲೆ ಬಾಯಿ ಹಚ್ಚಿ, ಹಲ್ಲಿನಲ್ಲಿ ಗಂಟು ಕಚ್ಚಿ ಕಚ್ಚಿ ಎಳೆದ. ಒಂದು ನಾರೂ ಕಿತ್ತುಬರದ ಹಾಗೆ ಎಷ್ಟು ಜೋಪಾನವಾಗಿ ಎಳೆಯುತ್ತಿದ್ದ ಅಂತೀರಿ! ಅವನ ಹಲ್ಲು ತಗುಲಿದರೂ ನನ್ನ ಬೆರಳಿಗೆ ತಿಳಿಯುತ್ತಿರಲಿಲ್ಲ. ಅಳು ನಿಂತದ್ದು ಆವಾಗ. ನೋವು ಹೋದ ಮೇಲೆ ನನಗೆ ನಿಜವಾದ ಭಯವಾಯಿತು.

ಇಳಿಹೊತ್ತಿಗೆ ದೊರೆ ಹಗ್ಗ ತೆಗೆದುಕೊಳ್ಳಲು ಬಂದ. ಕಾರಿನಿಂದ ಇಳಿದವನು ನನ್ನ ಕೈ ನೋಡಿ ಅಲ್ಲೇ ನಿಂತುಬಿಟ್ಟ. ಏನೋ ಕಿರುಚಿದ.

"ಯಾಕ್ ಕುಯ್ನಿಲ್ಲ ಅಂತ ಕೇಳ್ತಾವ್ರೆ," ಎಂದ ಮುದ್ದಯ್ಯ, ನೆಲ ನೋಡುತ್ತ.

ಅಣ್ಣ ಕೈ ಮುಗಿದ. "ಅಳತೆ, ಸ್ವಾಮಿ. ಮೂವತ್ತು ಮಾರು ಅಂದಿದ್ರಲ್ಲ."

ದೊರೆ ಅವನ ಮಾತು ಮುಗಿಯಲು ಬಿಡಲಿಲ್ಲ. ಜೇಬಿನಿಂದ ಚಾಕು ತೆಗೆದು, ಊತದ ಮೇಲೆ ಒತ್ತಿ, ಹಗ್ಗವನ್ನು ಕುಯ್ದೇಬಿಟ್ಟ. ನಾಲ್ಕು ಉಸಿರಿನ ಕೆಲಸ. ತುಂಡನ್ನು ನೀರಿಗೆಸೆದು, ನನ್ನನ್ನೂ ಚಲುವಮ್ಮನನ್ನೂ ಕಾರಿಗೆ ಹತ್ತಿಸಿಕೊಂಡ. ಕಾರು ಮಂಡ್ಯದ ಆಸ್ಪತ್ರೆಗೆ ಹೊರಟಿತು. ಕಾರಿನ ಹಿಂದಿನ ಗಾಜಿನಲ್ಲಿ ನೋಡಿದೆ. ಅಣ್ಣ ನಾಲೆಗೆ ಇಳಿದು ತೇಲುತ್ತಿದ್ದ ಆ ತುಂಡನ್ನು ಹಿಡಿಯಲು ಹೋಗುತ್ತಿದ್ದ.

ರಾತ್ರಿಯೇ ಡಾಕ್ಟರು ಬಲಗೈಯನ್ನು ಮೊಣಕೈ ಕೆಳಗೆ ಕುಯ್ದು ತೆಗೆದರು. ಬೆಳಿಗ್ಗೆಯೇ ತಂದಿದ್ದರೆ ಉಳಿಯುತ್ತಿತ್ತು ಎಂದರು. ಚಲುವಮ್ಮ ಗೋಡೆಗೆ ತಲೆ ಚಚ್ಚಿಕೊಂಡಳು.

ಅಣ್ಣ ಬಂದದ್ದು ನಾಲ್ಕನೇ ದಿನ. ಬಾಗಿಲಲ್ಲಿ ಅವನನ್ನು ಕಂಡಾಗ, ಪಾಪಿ ಕೊನೆಗೂ ಬಂದನಲ್ಲ ಎಂದು ನನ್ನ ಕಣ್ಣು ತುಂಬಿಬಂತು. ಒಂದು ಮಾತು, ತಪ್ಪಾಯಿತು ಕಣ್ಲಾ ಎಂದು ಒಂದೇ ಒಂದು ಮಾತು ಅಂದಿದ್ದರೆ ಸಾಕಿತ್ತು, ನಾನೇ ಅವನನ್ನು ಸಮಾಧಾನ ಮಾಡುತ್ತಿದ್ದೆ.

"ಎಲ್ಡು ಮೊಳ ಒಸೆದು, ಸೇರ್ಸಿ, ಒಸ ಕುಣಿಕೆ ಕಟ್ಟಿ ಬಂಗ್ಲೆಗೆ ಕೊಟ್ಬುಟ್ ಬಂದೆ ಕಣ್ಲಾ," ಎಂದ. "ದೊರೆ ಊರಿಗೆ ಓಗ್ಬುಟ್ಟವ್ರೆ. ಮೆಟ್ಲ ಮ್ಯಾಲೆ ಮಡಗಿವ್ನಿ. ಮೂವತ್ತು ಮಾರು, ಒಂದು ಬೆರಳು ಎಚ್ಚಿಲ್ಲ, ಒಂದು ಬೆರಳು ಕಮ್ಮಿ ಇಲ್ಲ."

ನಾನು ನಂಬಲಿಲ್ಲ ಎಂದುಕೊಂಡನೋ ಏನೋ. ನನ್ನ ಮಂಚದ ಮುಂದೆ ನಿಂತು, ಎರಡು ಕೈಯನ್ನೂ ಉದ್ದಕ್ಕೆ ಚಾಚಿ, ಹೇಗೆ ಮಾರು ಹಾಕಿ ಅಳೆದೆ ಎಂದು ತೋರಿಸತೊಡಗಿದ. ಒಂದು, ಎರಡು, ಮೂರು ಎಂದು ಎಣಿಸಿದ.

ಹತ್ತು ಎನ್ನುವಷ್ಟರಲ್ಲಿ ಚಲುವಮ್ಮ ಎದ್ದು ಹೋಗಿ ಅವನ ಮುಖಕ್ಕೆ ಉಗಿದಳು. ನಾನು ಅವಳನ್ನು ತಡೆಯಲಿಲ್ಲ.