ಅಗಲ ಟೈರು, ಅಕ್ಕನ ಜಾಗ

ನಮ್ಮ ಕಾರಿನ ಟೈರು ನೋಡಿ ಮೊದಲು ನಕ್ಕವರು ನಮ್ಮ ಬೀಗರು. ಮಗಳನ್ನು ಹುಮನಾಬಾದಿನ ಮಗ್ಗುಲಿಗಿರುವ ಮಾಣಿಕನಗರಕ್ಕೆ ಕೊಟ್ಟಿದ್ದೇವೆ. ಹೋದ ವರ್ಷ ಅವಳು ಬಸುರಿ ಎಂಬ ಸುದ್ದಿ ಬಂದಾಗ ಮಾತಾಡಿಸಿಕೊಂಡು ಬರಲು ಹೋಗಿದ್ದೆ. ಹೊರಡುವಾಗ ಕಳಿಸಲು ಬಾಗಿಲವರೆಗೆ ಬಂದ ಬೀಗರು ಮುಂದಿನ ಗಾಲಿಯನ್ನು ಚಪ್ಪಲಿಯ ತುದಿಯಿಂದ ಮುಟ್ಟಿ, "ಬೀಗರ, ನಿಮ್ಮ ಟೈರ ನಮ್ಮ ತಲೀಗತೆ ಆಗ್ಯಾವ ನೋಡ್ರಿ," ಎಂದು ತಮ್ಮ ಬೋಳುತಲೆ ಸವರಿಕೊಂಡರು. ಓಣಿಯಲ್ಲಿ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಬೀಗರು ಒಳ್ಳೆಯ ಮನುಷ್ಯರು, ಮಾತಿನಲ್ಲಿ ಕುಹಕ ಇರಲಿಲ್ಲ, ತಮ್ಮ ತಲೆಯನ್ನೇ ಆಡಿಕೊಂಡಿದ್ದರು. ಆದರೂ ನಮ್ಮೂರು ಬಸವಕಲ್ಯಾಣ ಮುಟ್ಟುವ ತನಕ ನನ್ನ ಕಿವಿ ಬಿಸಿಯಾಗಿಯೇ ಇತ್ತು.

ನನ್ನದು ಬೀಜ-ಗೊಬ್ಬರದ ಅಂಗಡಿ. ದಿನಕ್ಕೆ ಹತ್ತಾರು ರೈತರಿಗೆ ಯಾವ ನೆಲಕ್ಕೆ ಯಾವ ಬೀಜ ಎಂದು ದೊಡ್ಡ ದನಿಯಲ್ಲಿ ಬುದ್ಧಿ ಹೇಳುತ್ತೇನೆ. ಪಕ್ಕದವನು ಹಾಕಿದ್ದಾನೆಂದು ನೀನೂ ಅದನ್ನೇ ಹಾಕಬೇಡ, ನಿನ್ನ ಹೊಲ ನೋಡಿ ಹಾಕು ಎಂದು ಎಷ್ಟು ಜನಕ್ಕೆ ಗದರಿದ್ದೇನೋ ಲೆಕ್ಕವಿಲ್ಲ. ಆ ಮನುಷ್ಯನೇ ಟೈರು ಆರಿಸಲು ಹೊರಟಾಗ ಕಾರು ನೋಡಲಿಲ್ಲ, ಬೀಗರ ಮುಖ ನೆನೆಸಿಕೊಂಡ. ಈಗ ಹೇಳಲಿಕ್ಕೂ ನಾಚಿಕೆ.

ನಮ್ಮ ಊರಲ್ಲೇ ಟೈರಿನ ಅಂಗಡಿಗಳಿವೆ. ಅಲ್ಲಿ ಎಲ್ಲರೂ ಪರಿಚಯದವರು, ಕಾರಿನ ಜೊತೆ ಬಂದ ಅಳತೆಯದೇ ಹಾಕಿಸಿಕೊಳ್ಳಿ ಎಂದುಬಿಡುತ್ತಾರೆ. ನನಗೆ ಅಂಥ ಮಾತು ಬೇಕಿರಲಿಲ್ಲ. ಹುಮನಾಬಾದಿನ ಹೈವೇ ಮೇಲಿನ ಒಂದು ದೊಡ್ಡ ಅಂಗಡಿಗೆ ಹೋದೆ. ಸಾಲಾಗಿ ತೂಗುಹಾಕಿದ ಟೈರುಗಳಲ್ಲಿ ಒಂದು ನನ್ನ ಕಣ್ಣಿಗೆ ಬಿತ್ತು. ಅಗಲ ಎದೆ, ಆಳವಾದ ಕಚ್ಚುಗಳು, ಪಕ್ಕದಲ್ಲಿ ಬಿಳಿಯ ದಪ್ಪ ಅಕ್ಷರ. ನಮ್ಮದು ಮನೆಮಂದಿಯೆಲ್ಲ ತುರುಕಿಕೊಂಡು ಹೋಗುವ ಹಳೆಯ ಸಣ್ಣ ಕಾರು. ಆ ಟೈರಾದರೋ ಗುಡ್ಡ ಹತ್ತುವ ಜೀಪಿಗೆ ಒಪ್ಪುವಂಥದು.

ಅಂಗಡಿಯವರು ಹೇಳಬೇಕಾದ್ದನ್ನು ಹೇಳಿದರು. "ಗಾಡಿಗೆ ಕೂಡ್ತದ್ರಿ, ಶಾನದಾರ್ ಕಾಣ್ತದ. ಆದ್ರ ಒಂದ ಸೈಜ್ ದೊಡ್ಡದ ಆತು. ಹಿಂದ ಮಂದಿ ತುಂಬಿದ್ರ ಗಾಡಿ ಕೆಳಗ ಕೂಡ್ತದ, ಆವಾಗ ಟೈರ ಮ್ಯಾಲೆ ತಾಗಬಹುದು. ನೋಡ್ರಿ, ನಿಮ್ಮ ಮರ್ಜಿ."

"ಮಂದಿ ಎಲ್ಲಿ ತುಂಬ್ತೀವ್ರಿ? ನಾವು ಇರೂದೇ ಇಬ್ಬರು," ಎಂದೆ.

ಹಸಿ ಸುಳ್ಳು. ನಮ್ಮ ಕಾರಿನಲ್ಲಿ ಇಬ್ಬರೇ ಕೂತು ಹೋದದ್ದು ಯಾವಾಗ ಎಂದು ಕೇಳಿದರೆ ನನಗೇ ನೆನಪಾಗುವುದಿಲ್ಲ. ನಮ್ಮ ಕಡೆ ಒಬ್ಬರು ಕಾರು ತೆಗೆದರೆಂದರೆ ಅದು ಅರ್ಧ ಓಣಿಯ ಕಾರು. ಮದುವೆಯಿರಲಿ, ದವಾಖಾನೆಯಿರಲಿ, ಸಂತೆಯಿರಲಿ, ಬಾಗಿಲು ತೆರೆದ ಕೂಡಲೇ ಮೂವರು ಕೂರುವಲ್ಲಿ ನಾಲ್ವರು ಕೂತಿರುತ್ತಾರೆ, ಅವರಲ್ಲೊಬ್ಬರ ಮಡಿಲಲ್ಲಿ ಒಂದು ಮಗು ಇರುತ್ತದೆ. ಇದೆಲ್ಲ ಗೊತ್ತಿದ್ದೂ ಟೈರು ಹಾಕಿಸಿದೆ. ಆಮೇಲೆ ಒಬ್ಬನೇ ಕೂತು ಹೈವೇ ಮೇಲೆ ಒಂದು ಸುತ್ತು ಹಾಕಿ ಬಂದೆ. ಎಲ್ಲೂ ತಾಗಲಿಲ್ಲ. ಕೆಲಸವಿಲ್ಲದಿದ್ದರೂ ಮಾಣಿಕನಗರದ ಕಡೆ ತಿರುಗಿಸಿ ಬೀಗರ ಮನೆಯ ಮುಂದೆ ನಿಧಾನವಾಗಿ ಹೋದೆ. ಯಾರೂ ಹೊರಗಿರಲಿಲ್ಲ. ಸುತ್ತು ಹಾಕಿ ಇನ್ನೊಮ್ಮೆ ಹೋದೆ. ಆಗಲೂ ಇರಲಿಲ್ಲ.

ಮಗಳ ಕುಬಸದ ದಿನ ಗೊತ್ತಾಯಿತು. ಬಸುರಿ ಮಗಳಿಗೆ ಹಸಿರು ಸೀರೆ, ಬಳೆ, ಕುಬಸ ಒಯ್ದು, ಬಯಕೆಯ ಅಡಿಗೆಯ ಬುತ್ತಿ ಉಣಿಸಿ, ಹೆರಿಗೆಗೆಂದು ತವರಿಗೆ ಕರೆತರುವುದು ನಮ್ಮಲ್ಲಿ ನಡೆದುಬಂದದ್ದು. ಅದರಲ್ಲಿ ನಮ್ಮ ಮನೆತನದ್ದೇ ಒಂದು ರೀತಿ ಇದೆ. ಹಾಗೆ ಬಂದ ಮಗಳಿಗೆ ಆರತಿ ಎತ್ತಿ ಕೈಹಿಡಿದು ಹೊಸ್ತಿಲು ದಾಟಿಸುವವಳು ಸೋದರತ್ತೆ. ತಾಯಿಯೂ ಅಲ್ಲ, ಅಜ್ಜಿಯೂ ಅಲ್ಲ. ನನ್ನ ಅಕ್ಕ ಮೊದಲ ಹೆರಿಗೆಗೆ ಬಂದಾಗ ಅವಳನ್ನು ಒಳಗೆ ಕರೆದುಕೊಂಡದ್ದು ನಮ್ಮ ಅತ್ತೆ, ಅಪ್ಪನ ತಂಗಿ. ಈಗ ಅದು ಅಕ್ಕನ ಪಾಳಿ.

ಅಕ್ಕನನ್ನು ಮೋರಖಂಡಿಗೆ ಕೊಟ್ಟಿದೆ. ಅವಳಿಗೆ ಇಬ್ಬರೂ ಗಂಡುಮಕ್ಕಳೇ. ಹೆಣ್ಣುಮಗಳ ಆಸೆಯನ್ನೆಲ್ಲ ನನ್ನ ಮಗಳ ಮೇಲೆ ತೀರಿಸಿಕೊಂಡವಳು. ತೊಟ್ಟಿಲಲ್ಲಿ ಮಗಳ ಕಿವಿಯಲ್ಲಿ ಹೆಸರು ಹೇಳಿದವಳೂ ಅವಳೇ. ಕುಬಸದ ಮಾತು ಎದ್ದಾಗಿನಿಂದ ದಿನವೂ ಫೋನು. "ತಮ್ಮಾ, ಆರತಿ ತಾಟ ನಂದ ತರ್ತೀನಿ, ನಿನ್ನ ಹೇಂತಿಗಿ ಹೇಳು. ನಿಮ್ಮನೀದು ಒಂದ ಕಡೆ ಸೊಟ್ಟ ಆಗ್ಯಾದ." ಮೊಣಕಾಲು ಹಿಡಿದು ಮೆಟ್ಟಿಲು ಹತ್ತುವುದು ಕಷ್ಟವಾದವಳು ಬೆಳಗಿನಿಂದ ಒಲೆಯ ಮುಂದೆ ನಿಂತು ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿ, ಮೊಸರು ಬುತ್ತಿ ಮಾಡಿದ್ದಳು. ಹೆಂಡತಿ ಮನೆಯಲ್ಲಿ ಬರಮಾಡಿಕೊಳ್ಳುವ ತಯಾರಿಗೆ ಉಳಿದಳು. ಅಕ್ಕ ತಂದ ತಾಟು ಅವಳ ವಶಕ್ಕೆ ಕೊಟ್ಟು ನಾನೂ ಅಕ್ಕನೂ ಹೊರಟೆವು. ಅಕ್ಕ ಕಾರು ಹತ್ತುವ ಮುನ್ನ ಟೈರು ನೋಡಿ, "ಯಪ್ಪಾ, ಟ್ರ್ಯಾಕ್ಟರ್ ತಗೊಂಡಿಯೇನೋ?" ಎಂದು ನಕ್ಕಳು. ನನಗೆ ಅದು ಹೊಗಳಿಕೆಯಾಗಿಯೇ ಕೇಳಿತು.

ಮಾಣಿಕನಗರದಲ್ಲಿ ಎಲ್ಲ ಸುಸೂತ್ರ. ಬೀಗರು ಟೈರು ನೋಡಿದರು. "ಭಾರಿ ಮಾಡಿಸೀರಿ ಬಿಡ್ರಿ!" ಎಂದರು. ಅಷ್ಟೇ ಸಾಕಾಗಿತ್ತು ನನಗೆ. ಉಬ್ಬಿಹೋದೆ. ಊಟವಾಗಿ ಹೊರಡುವ ಹೊತ್ತಿಗೆ ಅವರು ತಮ್ಮ ಹೊಲದ ತೊಗರಿ ಬೇಳೆಯ ಒಂದು ಚೀಲ ತಂದು ಡಿಕ್ಕಿಯಲ್ಲಿ ಇಳಿಸಿದರು, ಬಾಣಂತನದ ಮನೆಗೆ ಇರಲಿ ಎಂದು. ಸೊಸೆಯನ್ನು ತವರಿಗೆ ಮುಟ್ಟಿಸಿ ಬರಲು ಬೀಗಿತಿಯೂ ಅವರ ತಂಗಿಯೂ ನಮ್ಮ ಜೊತೆ ಬರುವುದೆಂದಾಯಿತು. ಮಗಳು ಮುಂದೆ ನನ್ನ ಪಕ್ಕ ಕೂತಳು. ಹಿಂದೆ ಬೀಗಿತಿ, ಅವರ ತಂಗಿ, ಎಡಬಾಗಿಲ ಕಡೆ ಅಕ್ಕ.

ಊರು ಬಿಡುವ ಮೊದಲೇ ಒಂದು ಉಬ್ಬಿನ ಮೇಲೆ ಹಿಂದಿನಿಂದ ಗರ್ರ್ ಎಂದಿತು. ಹಾಡು ಹಚ್ಚಿದೆ. ಹೈವೇಯಲ್ಲಿ ಸ್ವಲ್ಪ ದೂರ ಸುಮ್ಮನಿದ್ದು ಮತ್ತೆ ಗರ್ರ್. ಹಾಡಿನ ದನಿ ಏರಿಸಿದೆ. ರಾಜೇಶ್ವರದ ಹತ್ತಿರ ಬರುವಾಗ ಬೀಗಿತಿ ಮೂಗಿಗೆ ಸೆರಗು ಹಿಡಿದು, "ಏನೋ ಸುಟ್ಟ ವಾಸನಿ ಬರಾಕತ್ತದ್ರಿ," ಎಂದರು. ಇನ್ನು ನಟಿಸುವಂತಿರಲಿಲ್ಲ. ಬದಿಗೆ ನಿಲ್ಲಿಸಿ ಇಳಿದು ಬಗ್ಗಿ ನೋಡಿದೆ. ಹಿಂದಿನ ಎರಡೂ ಟೈರು ಮೇಲಿನ ತಗಡಿಗೆ ಉಜ್ಜಿ ಉಜ್ಜಿ ಅಂಚು ಕಿತ್ತಿದ್ದವು. ಕಪ್ಪು ಪುಡಿ ಕೈಗೆ ಹತ್ತಿತು. ಹೀಗೇ ಓಡಿಸಿದರೆ ಟೈರು ಒಡೆಯುವುದು ಖಂಡಿತ, ಅದೂ ಬಸುರಿ ಮಗಳನ್ನು ಕೂಡಿಸಿಕೊಂಡು.

ಮತ್ತೆ ಬಂದು ಸ್ಟೇರಿಂಗ್ ಮುಂದೆ ಕೂತು, "ಸ್ವಲ್ಪ ಭಾರ ಆಗ್ಯಾದ," ಎಂದೆ.

ನಾನು ಕನ್ನಡಿಯಲ್ಲಿ ಹಿಂದೆ ನೋಡಿದೆ. ಬೀಗಿತಿಯನ್ನು ನೋಡಿದೆ, ಅವರ ತಂಗಿಯನ್ನು ನೋಡಿದೆ, ಅಕ್ಕನನ್ನು ನೋಡಿದೆ. ಅಕ್ಕನ ಮೇಲೆ ನನ್ನ ಕಣ್ಣು ನಿಂತಿತು. ಇಳಿ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ, ಇದನ್ನು ನನ್ನ ಪರವಾಗಿ ನನಗೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಕಣ್ಣು ತೆಗೆಯಲಿಲ್ಲ. ಅಕ್ಕ ಬಾಗಿಲು ತೆರೆದಳು.

"ನೀವು ಮುಂದ ನಡೀರಿ. ನಾ ಬಸ್ಸಿಗಿ ಬರ್ತೀನಿ."

ಮಗಳು ಹೊರಳಿ, "ಅತ್ತೀ, ನೀ ಯಾಕ ಇಳೀಲಾಕತ್ತಿ?" ಎಂದಳು.

"ಮೊಣಕಾಲ ಹಿಡದಾವ ಬೇ. ಬಸ್ಸಿನ್ಯಾಗ ಕಾಲ ಚಾಚಿ ಕೂಡ್ತೀನಿ."

ಆಗ ನಾನು ಆಡಿದ ಮಾತು ನೆನೆಸಿಕೊಂಡರೆ ಇಂದಿಗೂ ಮೈ ಹಿಡಿಯಾಗುತ್ತದೆ. "ಹೂಂ, ಈ ರೋಡಿಗಿ ಬಸ್ ಬಾಳ ಅವ," ಎಂದೆ. ಬೀಗಿತಿಯವರು ತಾವು ಇಳಿಯುತ್ತೇವೆಂದು ಬಾಯಿಮಾತಿಗೆ ಎಂದರು, ನಾನು ಛೇ ಛೇ ಎಂದೆ. ಬುತ್ತಿ ಒಯ್ದಿದ್ದ ಸ್ಟೀಲ್ ಡಬ್ಬಿ ಅಕ್ಕನ ಕೈಯಲ್ಲೇ ಉಳಿಯಿತು. ಕಾರು ಹಗುರಾಗಿ ಮುಂದೆ ಹೋಯಿತು. ಕನ್ನಡಿಯಲ್ಲಿ ಅವಳು ಬಿಸಿಲಿಗೆ ಸೆರಗು ತಲೆಯ ಮೇಲೆ ಎಳೆದುಕೊಳ್ಳುವುದು ಕಂಡಿತು. ಮಗಳು ದಾರಿಯುದ್ದಕ್ಕೂ ನನ್ನ ಕಡೆ ತಿರುಗಲಿಲ್ಲ.

ಮನೆಯ ಮುಂದೆ ಹೆಂಡತಿ ಅಕ್ಕನ ತಾಟಿನಲ್ಲಿ ಕೆಂಪು ನೀರು ಕಲಸಿ ಹಿಡಿದು ನಿಂತಿದ್ದಳು. ಕಾರಿನಿಂದ ಇಳಿದವರನ್ನು ಒಬ್ಬೊಬ್ಬರನ್ನಾಗಿ ನೋಡಿ, "ಅಕ್ಕಾವರು ಎಲ್ಲಿ?" ಎಂದಳು.

"ಹಿಂದ ಬರಾಕತ್ತಾಳ."

"ಹಿಂದ ಅಂದ್ರ?"

ಬಸ್ಸಿಗೆ ಎಂದೆ. ಹಾಗಾದರೆ ಕಾಯೋಣ ಎಂದಳು. ಕಾದೆವು. ಬಿಸಿಲು ಜೋರಿತ್ತು, ಮಗಳು ಗೋಡೆಗೆ ಕೈಕೊಟ್ಟು ನಿಂತಳು. ಬೀಗಿತಿಯವರು, "ಬಸುರಿ ಹೆಣ್ಮಗಳನ್ನ ಬಿಸಲಾಗ ಎಷ್ಟೊತ್ತ ನಿಂದರಸ್ತೀರಿ?" ಎಂದರು. ಅವರ ಮಾತು ಸರಿಯೇ ಇತ್ತು. ನಾನು ಕಾರಿನ ಕೀಲಿ ತಿರುವುತ್ತ ನಿಂತಿದ್ದೆ. ಕೊನೆಗೆ ಪಕ್ಕದ ಮನೆಯಾಕೆಯನ್ನು ಕರೆದು ಆರತಿ ಎತ್ತಿಸಿದೆವು. ಮಗಳ ಕೈ ಹಿಡಿದು ಒಳಗೆ ಕರೆದುಕೊಂಡದ್ದು ಆಕೆಯೇ.

ಎಲ್ಲರೂ ಒಳಗೆ ಹೋದ ಮೇಲೆ ನಾನು ಡಿಕ್ಕಿ ತೆರೆದು ಬೇಳೆಯ ಚೀಲಕ್ಕೆ ಕೈ ಹಾಕಿದೆ. ಎತ್ತಲು ನೋಡಿದರೆ ಏಳಲಿಲ್ಲ. ಸೊಂಟ ಕೊಟ್ಟು ಎಳೆದೆ. ಆಗ ಹೊಳೆಯಿತು. ಈ ಚೀಲವನ್ನು ರಾಜೇಶ್ವರದಲ್ಲಿ ಯಾವ ಅಂಗಡಿಯ ಮುಂದೆ ಇಳಿಸಿದ್ದರೂ ಸಾಕಿತ್ತು. ಅಲ್ಲಿ ಬೀಜಕ್ಕೆ ನನ್ನ ಹತ್ತಿರ ಬರುವ ರೈತರೇ ಇದ್ದಾರೆ, ಮರುದಿನ ತಂದು ಮುಟ್ಟಿಸುತ್ತಿದ್ದರು. ಆದರೆ ಬೀಗರು ಕೊಟ್ಟ ಚೀಲ ಇಳಿಸುವ ವಿಚಾರ ನನ್ನ ತಲೆಗೆ ಬರಲೇ ಇಲ್ಲ. ಮಗಳನ್ನು ಬಿಟ್ಟರೆ ಕಾರಿನಲ್ಲಿ ನಮ್ಮವಳು ಅಂತ ಇದ್ದವಳು ಒಬ್ಬಳು, ಅವಳೇ ಇಳಿಯುವವಳಾದಳು.

ಚೀಲ ಅರ್ಧ ಹೊರಗೆ, ಅರ್ಧ ಒಳಗೆ ಇರುವಾಗ ಆಟೋ ಬಂದು ನಿಂತಿತು. ಅಕ್ಕ ಇಳಿದಳು. ಅಂಗಳದಲ್ಲಿ ಚೆಲ್ಲಿದ ಕೆಂಪು ನೀರು ನೋಡಿದಳು. ಕಾಲು ತಾಗದಂತೆ ಸರಿದು ಬಂದಳು.

"ಆತೇನು? ಚಲೋ ಆತು," ಎಂದಳು. ಆಮೇಲೆ ನನ್ನ ಕೈಯಲ್ಲಿದ್ದ ಚೀಲ ನೋಡಿ, "ಬ್ಯಾಳಿ ಬರಾಬರ್ ಬಂತಲ್ಲ?"

ಚುಚ್ಚಿದಳೋ, ನಿಜಕ್ಕೂ ಕೇಳಿದಳೋ, ನನಗೆ ಈಗಲೂ ತಿಳಿಯದು. ಅವಳು ಒಳಗೆ ಹೋಗಿ ಮಗಳ ಕೆನ್ನೆ ಸವರಿ ದೃಷ್ಟಿ ತೆಗೆದು, ಡಬ್ಬಿ ತೊಳೆಯಲು ಹಿತ್ತಲಿಗೆ ಹೋದಳು. ಆರತಿ ತಾಟು ಕೂಡ ತಾನೇ ತೊಳೆದು ತನ್ನ ಕೈಚೀಲದಲ್ಲಿ ಹಾಕಿಕೊಂಡಳು. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮರುದಿನವೇ ಹುಮನಾಬಾದಿಗೆ ಹೋಗಿ ಆ ಟೈರು ಬಿಚ್ಚಿಸಿ, ಕಾರಿನ ಜೊತೆ ಬಂದಿದ್ದ ಅಳತೆಯದೇ ಹಾಕಿಸಿದೆ. ಸಪ್ಪೆ ಮೋರೆಯ, ಸಣ್ಣ ಟೈರುಗಳು. ಅಂಗಡಿಯವರು ನಾನು ಹೇಳಿದ್ದೆನಲ್ಲ ಎಂದು ಅನ್ನಲಿಲ್ಲ, ಅಷ್ಟು ಮರ್ಯಾದೆ ಉಳಿಸಿದರು. ಬೀಗರು ಮುಂದೊಮ್ಮೆ ನೋಡಿ, "ಮತ್ತ ಸಣ್ಣವು ಹಾಕಿದ್ರ್ಯಾ?" ಎಂದು ಕೇಳಿದಾಗ, "ಎವರೇಜ್ ಬರವಲ್ದಾಗಿತ್ರಿ," ಎಂದೆ. ಅಲ್ಲಿಯೂ ನಿಜ ಹೇಳುವ ಧೈರ್ಯ ಆಗಲಿಲ್ಲ. ತಪ್ಪಾಯಿತು ಎನ್ನುವ ಮಾತು ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೇಳಿ ರೂಢಿಯಿಲ್ಲ. ಅಕ್ಕನಿಗೆ ಟೈರು ತೋರಿಸಿದರೆ ಅವಳೇ ತಿಳಿದುಕೊಂಡಾಳು ಎಂದು ನನ್ನ ಲೆಕ್ಕ.

ಮಗಳು ಹೆಣ್ಣು ಹೆತ್ತಳು. ತೊಟ್ಟಿಲ ದಿನ ಅಕ್ಕನನ್ನು ಕರೆತರಲು ಮೋರಖಂಡಿಗೆ ಒಬ್ಬನೇ ಹೋದೆ. ಬೇಕೆಂದೇ ಯಾರನ್ನೂ ಹತ್ತಿಸಿಕೊಳ್ಳಲಿಲ್ಲ, ಬರುತ್ತೇನೆಂದ ಓಣಿಯವರಿಗೂ ಆಗುವುದಿಲ್ಲ ಎಂದೆ. ಅಕ್ಕ ಇಸ್ತ್ರಿ ಸೀರೆಯುಟ್ಟು, ಅದೇ ಸ್ಟೀಲ್ ಡಬ್ಬಿ ಹಿಡಿದು ಹೊರಗೆ ಬಂದಳು.

"ಅಕ್ಕಾ, ಟೈರ್ ಬದಲಿ ಮಾಡೀನಿ ನೋಡು," ಎಂದೆ.

"ಚಲೋ ಅವ," ಎಂದಳು, ನೋಡಿಯೂ ನೋಡದವಳಂತೆ. ಬಾಗಿಲ ಹತ್ತಿರ ಬಂದು ನಿಂತಳು. "ಮಂದಿ ಎಷ್ಟ ಅದೀರಿ ತಮ್ಮಾ?"

"ಯಾರೂ ಇಲ್ಲಕ್ಕಾ. ನೀನೂ ನಾನೂ ಅಷ್ಟ."

ನಾನು ಓಡಿಹೋಗಿ ಮುಂದಿನ ಬಾಗಿಲು ತೆರೆದು ಹಿಡಿದೆ. ಅವಳು ಹಿಂದಿನ ಬಾಗಿಲು ತೆರೆದು ಎಡಗಡೆಯ ತುದಿಗೆ ಕೂತು, ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಮುಂದ ಬಾ ಅಕ್ಕಾ, ಖಾಲಿ ಅದ."

"ಇರಲಿ ಬಿಡು. ದಾರ್ಯಾಗ ಯಾರರೆ ಸಿಗ್ತಾರ."

ಮೋರಖಂಡಿಯಿಂದ ಕಲ್ಯಾಣದವರೆಗೆ ಯಾರೂ ಸಿಗಲಿಲ್ಲ. ನನ್ನ ಪಕ್ಕದ ಸೀಟು ಖಾಲಿಯೇ ಬಂತು.